ಲಿಗೂರಿಯದ ಕಡಲ ತಡಿಯಲ್ಲಿ

ಇಟಲಿಯೆಂದೊಡನೆ ನಮ್ಮ ಮನಸ್ಸಿಗೆ ಬರುವುದು ರೋಮ್, ಫ್ಲಾರೆನ್ಸ್, ವೆನಿಸ್ ನಗರಗಳು. ಇವುಗಳ ಕೀರ್ತಿಯ ನೆರಳಿನಲ್ಲಿ, ಆ ದೇಶದ ವಾಯವ್ಯ ಮೂಲೆಯಲ್ಲಿ, ಬಿಲ್ಲಿನಂತೆ ಬಾಗಿದ ಕಿರಿದಾದ ಕರಾವಳಿಯೊಂದಿದೆ; ಅದೇ ಲಿಗೂರಿಯ. ನಡುವೆ ಜಿನೋವಾ ಎಂಬ ಪುರಾತನ ರೇವುಪಟ್ಟಣ. ಅದರ ಎರಡು ಮಗ್ಗುಲಿಗೂ ಪುಟ್ಟ ಪುಟ್ಟ ವಿಹಾರಧಾಮಗಳು. ಬೆಟ್ಟ ಕಡಲಿಗೆ ಒತ್ತಿಕೊಂಡೇ ನಿಂತಿರುವುದರಿಂದ ಊರುಗಳಿಗೆ ಉಳಿದಿರುವ ನೆಲ ಅಂಗೈಯಗಲ. ಒಂದು ಸೆಪ್ಟೆಂಬರ್ ತಿಂಗಳಲ್ಲಿ ಈ ತೀರದ ಪೂರ್ವಭಾಗದಲ್ಲಿ ಕೆಲವು ದಿನ ಅಲೆದಾಡುವ ಅವಕಾಶ ನನಗೆ ದೊರೆಯಿತು.

ಸಾಹಿತ್ಯದ ವಿದ್ಯಾರ್ಥಿಗೆ ಇಲ್ಲಿ ಮೊದಲು ನೆನಪಾಗುವುದು ಷೆಲ್ಲಿ. ಲೆರಿಚಿಯ ಪಕ್ಕದ ಸಾನ್ ಟೆರೆಂಜೊ ಎಂಬ ಹಳ್ಳಿಯ ‘ಕಾಸಾ ಮಾನ್ಯಿ’ ಎಂಬ ಮನೆಯಲ್ಲಿ 1822ರ ಬೇಸಗೆಯನ್ನು ಕಳೆಯಲು ಆತ ಬಂದ. ಅದೇ ಜುಲೈ 8ರಂದು ಲಿವೊರ್ನೊದಿಂದ ಹಾಯಿದೋಣಿಯಲ್ಲಿ ಹಿಂದಿರುಗುತ್ತಿದ್ದಾಗ ಬಿರುಗಾಳಿಗೆ ಸಿಕ್ಕಿ ಮುಳುಗಿದ. ಆಗ ಅವನಿಗೆ ಮೂವತ್ತು ತುಂಬಿರಲಿಲ್ಲ. ವಿಯಾರೆಜ್ಜೊ ಬಳಿಯ ಮರಳದಂಡೆಯಲ್ಲಿ ಅವನ ದೇಹವನ್ನು ದಹಿಸಿದರು. ಬರೆಯುತ್ತಿದ್ದ ದೀರ್ಘಕವನ ಅರ್ಧದಲ್ಲೇ ನಿಂತಿತು. ಕಮಾನುಗಳ ಆ ಬಿಳಿಯ ಮನೆ ಇಂದಿಗೂ ಇದೆ. ಅಂದು ಅಲೆ ಅದರ ಹೊಸ್ತಿಲನ್ನು ಮುಟ್ಟುತ್ತಿತ್ತು. ಇಂದು ಮನೆಗೂ ಕಡಲಿಗೂ ನಡುವೆ ರಸ್ತೆ ಬಂದಿದೆ. ಬಿ.ಎಂ.ಶ್ರೀಯವರ ‘ಇಂಗ್ಲಿಷ್ ಗೀತಗಳು’ ಆಂಗ್ಲ ಭಾವಗೀತೆಯ ದನಿಯನ್ನು ಕನ್ನಡಕ್ಕೆ ಒಲಿಸಿದ ಮೇಲೆ ಹುಟ್ಟಿದ ಕಾವ್ಯವನ್ನೇ ಓದಿ, ಅದನ್ನೇ ಪಾಠ ಹೇಳಿ ಬದುಕುತ್ತಿರುವ ನನ್ನಂಥವನಿಗೆ ಆ ಬಾಗಿಲ ಮುಂದೆ ನಿಂತಾಗ ಪರದೇಶದಲ್ಲಿದ್ದೇನೆ ಎನ್ನಿಸಲಿಲ್ಲ.

ಲೆರಿಚಿಯಿಂದ ಲಾ ಸ್ಪೆಜಿಯಕ್ಕೆ ಬಂದು ರೈಲು ಹತ್ತಿದರೆ ‘ಚಿಂಕ್ವೆ ತೆರ್ರೆ’, ಎಂದರೆ ಪಂಚಗ್ರಾಮ. ರಿಯೊಮಜ್ಜೊರೆ, ಮನರೋಲ, ಕೊರ್ನೀಲ್ಯ, ವೆರ್ನಾಟ್ಸ, ಮೊಂತೆರೊಸ್ಸೊ ಎಂಬ ಐದು ಊರುಗಳು. 1874ರಲ್ಲಿ ಈ ರೈಲುಹಾದಿ ಆಗುವವರೆಗೆ ಇವಕ್ಕೆ ದೋಣಿ ಮತ್ತು ಕತ್ತೆಯ ಜಾಡುಗಳ ಹೊರತು ಬೇರೆ ದಾರಿಯಿರಲಿಲ್ಲವೆಂದೇ ಹೇಳಬೇಕು. ಹಾದಿಯ ಬಹುಭಾಗ ಸುರಂಗ: ಕತ್ತಲೆ, ಕ್ಷಣಮಾತ್ರ ಕಣ್ಣು ಕುಕ್ಕುವ ನೀಲಿ, ಮತ್ತೆ ಕತ್ತಲೆ. ಐದರಲ್ಲಿ ಮರಳಿನ ವಿಶಾಲ ದಂಡೆಯಿರುವುದು ಮೊಂತೆರೊಸ್ಸೊಗೆ ಮಾತ್ರ. ಬಾಲ್ಯದ ಬೇಸಗೆಗಳನ್ನು ಅಲ್ಲಿ ಕಳೆದ ಎವುಜೆನಿಯೊ ಮೊಂತಾಲೆ, 1925ರಲ್ಲಿ ತಂದ ತನ್ನ ಮೊದಲ ಕವನ ಸಂಕಲನಕ್ಕೆ ಕಡಲು ದಡಕ್ಕೆಸೆಯುವ ಕಟ್ಲ್‌ಫಿಶ್ ಎಲುಬಿನ ಹೆಸರನ್ನಿಟ್ಟ. 1975ರಲ್ಲಿ ನೊಬೆಲ್ ಪ್ರಶಸ್ತಿಯನ್ನು ಪಡೆದ. ಕೊರ್ನೀಲ್ಯ ಕಡಲಿನಿಂದ ಸುಮಾರು 100 ಮೀಟರ್ ಎತ್ತರದ ಬಂಡೆಯ ಮೇಲೆ ಕುಳಿತಿದೆ. ನಿಲ್ದಾಣದಿಂದ ಸುಮಾರು 380 ಮೆಟ್ಟಿಲು ಹತ್ತಬೇಕು.

ಆ ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತ ಹಿಂದಿರುಗಿ ನೋಡಿದಾಗ ನನ್ನ ಕಣ್ಣನ್ನು ಸೆಳೆದದ್ದು ಕಡಲಲ್ಲ, ಬೆಟ್ಟ. ಅಲೆಯ ಮೇಲಿನ ಕೆಲವೇ ಮೀಟರುಗಳಿಂದ ಹಿಡಿದು 400 ಮೀಟರ್ ಎತ್ತರದವರೆಗೂ ಅದನ್ನು ಸೋಪಾನಗಳಾಗಿ ಕಡಿದು ದ್ರಾಕ್ಷಿ ಬೆಳೆದಿದ್ದಾರೆ. ಪ್ರತಿಯೊಂದು ಹಂತವನ್ನೂ ಹಿಡಿದು ನಿಲ್ಲಿಸಿರುವುದು ಗಾರೆಯ ಹನಿಯೂ ಇಲ್ಲದ ಕಲ್ಲುಗೋಡೆ. ಗಾರೆ ಇಲ್ಲದಿರುವುದೇ ಅದರ ಬಲ. ಮಳೆಯ ನೀರು ಕಲ್ಲುಗಳ ಸಂದಿನಿಂದ ಸೋರಿಹೋಗುತ್ತದೆ. ಹಿಂದಿನ ಮಣ್ಣು ನೀರುಂಡು ಗೋಡೆಯನ್ನು ನೂಕುವುದಿಲ್ಲ. ಆದರೆ ವರ್ಷವರ್ಷವೂ ಕೈಯಾಡಿಸದಿದ್ದರೆ ಗೋಡೆ, ನಮ್ಮ ಕಡೆ ಹೇಳುವಂತೆ, ಹೊಟ್ಟೆ ಬಿಡುತ್ತದೆ, ಆಮೇಲೆ ಕುಸಿಯುತ್ತದೆ. ಸುಮಾರು ಸಾವಿರ ವರ್ಷ ತಲೆಮಾರಿನಿಂದ ತಲೆಮಾರಿಗೆ ರೈತರು ಈ ಕೆಲಸವನ್ನು ನಡೆಸಿಕೊಂಡು ಬಂದರು. 1997ರಲ್ಲಿ ಯುನೆಸ್ಕೊ ಈ ತೀರವನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿದುದು ಪ್ರಕೃತಿಯ ಚೆಲುವಿಗೆ ಮಾತ್ರವಲ್ಲ, ಮನುಷ್ಯನ ಈ ದುಡಿಮೆಗೆ ಎಂಬುದನ್ನು ಮರೆಯಬಾರದು.

ಇಲ್ಲಿಯೇ ಒಂದು ವಿಪರ್ಯಾಸವಿದೆ. ಚಿತ್ರದಂತಹ ಊರನ್ನು ನೋಡಲು ಲೋಕದ ಜನ ನೆರೆದರು. ಬೆನ್ನ ಮೇಲೆ ಬುಟ್ಟಿ ಹೊತ್ತು ಬೆಟ್ಟ ಹತ್ತುವುದಕ್ಕಿಂತ ಅತಿಥಿಗೆ ಕೋಣೆ ಕೊಡುವುದು ಸುಲಭ, ಲಾಭವೂ ಹೆಚ್ಚು. ಮಕ್ಕಳು ತೋಟವನ್ನು ಬಿಟ್ಟರು. ಅದಕ್ಕಾಗಿ ಅವರನ್ನು ದೂರುವುದು ನ್ಯಾಯವಲ್ಲ, ಬಡತನ ಯಾರಿಗೂ ಚಿತ್ರವಲ್ಲ. ಆದರೆ ಪಾಳುಬಿದ್ದ ಹಂತಗಳಲ್ಲಿ ಪೊದೆ ಬೆಳೆಯಿತು, ಗೋಡೆ ಸಡಿಲಿತು. 2011ರ ಅಕ್ಟೋಬರ್ 25ರಂದು ಕೆಲವೇ ಗಂಟೆಗಳಲ್ಲಿ ಸುರಿದ ಮಹಾಮಳೆಗೆ ಬೆಟ್ಟ ಜಾರಿತು. ವೆರ್ನಾಟ್ಸದ ಮುಖ್ಯ ಬೀದಿ ಕೆಸರು ಕಲ್ಲುಗಳಲ್ಲಿ ಹೂತುಹೋಯಿತು. ಆ ಪುಟ್ಟ ಊರಿನಲ್ಲಿ ಮೂವರು ಸತ್ತರು. ಆ ದಿನದ ಕುಸಿತಗಳು ಈಚೆಗೆ ಕೈಬಿಟ್ಟ ಹಂತಗಳಲ್ಲಿಯೇ ಹೆಚ್ಚಾಗಿ ಕಂಡುಬಂದವು. ರಿಯೊಮಜ್ಜೊರೆಯಿಂದ ಮನರೋಲಕ್ಕೆ ಹೋಗುವ ‘ಪ್ರೇಮಪಥ’ ಎಂಬ ಪ್ರಸಿದ್ಧ ಕಾಲುದಾರಿಯೂ 2012ರಲ್ಲಿ ಬಂಡೆ ಉರುಳಿ ಮುಚ್ಚಿತು; ಮತ್ತೆ ಪೂರ್ತಿಯಾಗಿ ತೆರೆದದ್ದು 2024ರಲ್ಲಿ.

ಮನರೋಲದ ಮೇಲಿನ ತೋಟದಲ್ಲಿ ಗೋಡೆ ಕಟ್ಟುತ್ತಿದ್ದ ಮುದುಕನೊಬ್ಬನನ್ನು ಕಂಡೆ. ನನಗೆ ಅವನ ಭಾಷೆ ಬಾರದು, ಅವನಿಗೆ ನನ್ನದು ಬಾರದು. ಕಲ್ಲೊಂದನ್ನು ಎತ್ತಿ, ತಿರುಗಿಸಿ ನೋಡಿ, ಇಟ್ಟು, ಒಪ್ಪದೆ ತೆಗೆದು, ಇನ್ನೊಂದನ್ನು ಹುಡುಕುತ್ತಿದ್ದ. ಸರಿಯಾದುದು ಸಿಕ್ಕಾಗ ಅಂಗೈಯಿಂದ ಅದನ್ನು ತಟ್ಟಿದ. ಪಕ್ಕದಲ್ಲಿ, ದ್ರಾಕ್ಷಿಯನ್ನು ಸಾಗಿಸಲು ಹಾಕಿದ ಒಂಟಿಹಳಿಯ ಬಂಡಿ ನಿಂತಿತ್ತು. ಕೆಳಗೆ ರೇವಿನಲ್ಲಿ ನೂರಾರು ಜನ ಚಿತ್ರ ತೆಗೆದುಕೊಳ್ಳುತ್ತಿದ್ದರು. ಅವರ ಚಿತ್ರದೊಳಗೆ ಆ ಬೆಟ್ಟವಿತ್ತು, ಅವನು ಕಾಣುತ್ತಿರಲಿಲ್ಲ.

ಗಾರೆಯಿಲ್ಲದ ಗೋಡೆ ಕಟ್ಟುವ ಈ ವಿದ್ಯೆಯನ್ನು, ಇಟಲಿಯೂ ಸೇರಿ ಎಂಟು ದೇಶಗಳ ಸೊತ್ತೆಂದು, 2018ರಲ್ಲಿ ಯುನೆಸ್ಕೊ ಮನ್ನಿಸಿತು. ಸಂತೋಷ. ಆದರೆ ಮನ್ನಣೆ ಗೋಡೆಯನ್ನು ನಿಲ್ಲಿಸಲಾರದು. ಅದಕ್ಕೆ ಕೈ ಬೇಕು. ಆ ತೋಟಗಳ ದ್ರಾಕ್ಷಿಯನ್ನು ಒಣಗಿಸಿ ಹಿಂಡಿ ಮಾಡುವ ‘ಶಕೆತ್ರಾ’ ಎಂಬ ಸಿಹಿ ಮದ್ಯ ಇಂದಿಗೂ ದುಬಾರಿ. ದುಬಾರಿಯಾಗದೆ ಏನು? ಪ್ರತಿಯೊಂದು ಗೊಂಚಲಿನ ಕೆಳಗೂ ಒಂದು ಗೋಡೆಯಿದೆ, ಗೋಡೆಯ ಹಿಂದೆ ಒಂದು ಮನೆತನವಿದೆ. ಕಡಲತಡಿಯ ವಿಹಾರಕ್ಕೆ ಹೋಗುವವರು ಒಂದು ಗಳಿಗೆ ಕಡಲಿಗೆ ಬೆನ್ನು ಮಾಡಿ ನಿಂತು ನೋಡಬೇಕು. ಕಡಲು ತಾನಾಗಿ ಇರುತ್ತದೆ, ಬೆಟ್ಟವನ್ನು ಯಾರಾದರೂ ಹಿಡಿದಿರಬೇಕು.