ಗಂಜಿ, ಮಜ್ಜಿಗೆ ಮತ್ತು ಮುಪ್ಪಿನ ಮನಸ್ಸು

ಶಂಕರಪುರದ ಮನೆಗಳಲ್ಲಿ ಬೆಳಗ್ಗೆ ಮೊದಲ ಕೆಲಸ ಮಲ್ಲಿಗೆಯದು. ಮೊಗ್ಗು ಕೊಯ್ದು ಬಾಳೆನಾರಿನಲ್ಲಿ ಕಟ್ಟಬೇಕು. 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಹೂವು ಮಾರಾಟದ ಕಟ್ಟೆಗೆ ಹೋದ ಮೇಲೆ ಹಿರಿಯರ ಮುಂದೆ ಕುಚ್ಚಲಕ್ಕಿ ಗಂಜಿ, ಮಜ್ಜಿಗೆ, ಉಪ್ಪಿನಕಾಯಿ. ಹೊಟ್ಟೆಗೆ ತಂಪು ಎನ್ನುತ್ತಾರೆ. ಈಗ ಮೆಡಿಕಲ್ ಶಾಪಿನ, ಜೀವಂತ ಬ್ಯಾಕ್ಟೀರಿಯಾ ತುಂಬಿದ ಪ್ರೊಬಯಾಟಿಕ್ ಕ್ಯಾಪ್ಸೂಲು ಹೊಟ್ಟೆಗಷ್ಟೇ ಅಲ್ಲ, ಮನಸ್ಸಿಗೂ ತಂಪು ಎಂಬ ಮಾತು ಕೇಳಿಬರುತ್ತಿದೆ.

ಮಾತಿನಲ್ಲಿ ಹುರುಳಿಲ್ಲದಿಲ್ಲ. ನಮ್ಮ ಮೈಯಲ್ಲಿ ಸುಮಾರು 38 ಲಕ್ಷ ಕೋಟಿ ಬ್ಯಾಕ್ಟೀರಿಯಾಗಳಿವೆ, ಬಹುಪಾಲು ದೊಡ್ಡ ಕರುಳಿನಲ್ಲಿ. ಕರುಳಿನಿಂದ ಮೆದುಳಿಗೆ ವೇಗಸ್ ನರದ ದಾರಿಯಿದೆ. ಅದರ ಎಳೆಗಳಲ್ಲಿ ಹೆಚ್ಚಿನವು ಸುದ್ದಿಯನ್ನು ಕೆಳಗಿನಿಂದ ಮೇಲಕ್ಕೆ ಒಯ್ಯುತ್ತವೆ. ಐರ್ಲೆಂಡಿನ ಕಾರ್ಕ್‌ನ ವಿಜ್ಞಾನಿಗಳು 2011ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಲ್ಯಾಕ್ಟೊಬ್ಯಾಸಿಲಸ್ ಬ್ಯಾಕ್ಟೀರಿಯಾದ ಒಂದು ತಳಿ ತಿಂದ ಇಲಿಗಳ ಅಂಜಿಕೆ ತಗ್ಗಿತು. ವೇಗಸ್ ನರ ಕತ್ತರಿಸಿದ ಇಲಿಗಳಲ್ಲಿ ಆ ಪರಿಣಾಮವೇ ಕಾಣಲಿಲ್ಲ. ಮನಸ್ಸಿನ ಲಹರಿಗೆ ನಂಟಿರುವ ಸೆರೊಟೋನಿನ್‌ನ ಶೇ. 90ರಷ್ಟು ಕರುಳಿನಲ್ಲೇ ತಯಾರಾಗುತ್ತದೆ ಎಂಬುದೂ ನಿಜ. ಆದರೆ ಅದು ರಕ್ತದಿಂದ ಮೆದುಳಿಗೆ ದಾಟುವುದಿಲ್ಲ. ಜಾಹೀರಾತುಗಳು ಇಷ್ಟನ್ನು ಮಾತ್ರ ಬಿಟ್ಟುಬಿಡುತ್ತವೆ.

ಮನುಷ್ಯರ ಮೇಲೆ? ಕೊರಿಯಾದಲ್ಲಿ 65 ದಾಟಿದ 63 ಮಂದಿಯ ಮೇಲೆ 12 ವಾರ ನಡೆದ ಪ್ರಯೋಗದಲ್ಲಿ, ಬೈಫಿಡೊಬ್ಯಾಕ್ಟೀರಿಯಾ ಸೇವಿಸಿದವರ ಮಾನಸಿಕ ಒತ್ತಡ ಕಡಿಮೆಯಾಯಿತು. ಅವರೆಲ್ಲ ಆರೋಗ್ಯವಂತರು. ಖಿನ್ನತೆಗೆ ಇದೇ ಔಷಧ ಎನ್ನಲು ಇಷ್ಟು ಸಾಲದು.

ಇನ್ನು ನಮ್ಮ ಅಡುಗೆಮನೆ. ಇಡ್ಲಿ ಹಿಟ್ಟು ಉಬ್ಬುವುದು ಬ್ಯಾಕ್ಟೀರಿಯಾಗಳಿಂದಲೇ, ಆದರೆ ಹಬೆಯಲ್ಲಿ ಬೇಯುವಾಗ ಅವು ಸಾಯುತ್ತವೆ. ಕಳ್ಳು ಹಾಕಿ ಹುಳಿ ಬರಿಸುವ ಸಾನ್ನಾದ ಕಥೆಯೂ ಅಷ್ಟೇ, ಕುದಿಸಿದ ಮಜ್ಜಿಗೆಹುಳಿಯದೂ ಅಷ್ಟೇ. ಹಸಿ ಮಜ್ಜಿಗೆಯಲ್ಲಿ ಮಾತ್ರ ಜೀವವಿದೆ. ತಳಿ ಯಾವುದು, ಎಷ್ಟು ಎಂದು ಗೊತ್ತಿಲ್ಲದ್ದರಿಂದ ಶಾಸ್ತ್ರದ ಪ್ರಕಾರ ಅದು ಪ್ರೊಬಯಾಟಿಕ್ ಅಲ್ಲ, ಆದರೂ ಒಳ್ಳೆಯದೇ. ತಂಗಳನ್ನದ ಗುಣ ಬೇರೆ: ಅನ್ನ ತಣಿದಾಗ ಪಿಷ್ಟದ ಒಂದು ಪಾಲು ಸುಲಭಕ್ಕೆ ಕರಗದಂತಾಗುತ್ತದೆ. ಹರಿವೆ, ಹೆಸರುಕಾಳಿನ ನಾರಿನಂತೆ ಅದೂ ದೊಡ್ಡ ಕರುಳು ತಲಪಿ ಬ್ಯಾಕ್ಟೀರಿಯಾಗಳಿಗೆ ಮೇವಾಗುತ್ತದೆ.

ನನಗೆ ಕ್ಯಾಪ್ಸೂಲಿಗಿಂತ ಮುಖ್ಯವೆನಿಸುವುದು ಈ ಮೇವು. ಕಾರ್ಕ್‌ನವರೇ 2012ರಲ್ಲಿ 178 ಹಿರಿಯರ ಕರುಳನ್ನು ಹೋಲಿಸಿದರು. ಆರೈಕೆ ಕೇಂದ್ರಗಳಲ್ಲಿ ಬಹುಕಾಲ ಇದ್ದವರಲ್ಲಿ ಬ್ಯಾಕ್ಟೀರಿಯಾಗಳ ವೈವಿಧ್ಯ ಕುಗ್ಗಿತ್ತು. ಅದಕ್ಕೂ ಅವರ ಊಟಕ್ಕೂ ನಂಟಿತ್ತು. ಮಕ್ಕಳು ಮುಂಬಯಿಯಲ್ಲೋ ದುಬೈಯಲ್ಲೋ ಇರುವ ನಮ್ಮೂರ ದೊಡ್ಡ ಮನೆಗಳಲ್ಲೂ 'ಒಬ್ಬಳಿಗೆ ಯಾಕೆ ಪಲ್ಯ' ಎಂದು ಚಹಾ-ರಸ್ಕಿನಲ್ಲೇ ಹೊತ್ತು ಕಳೆಯುವವರಿದ್ದಾರೆ. ಅಲ್ಲಿ ನಾರೂ ಇಲ್ಲ, ಮಾತಿಗೆ ಜನವೂ ಇಲ್ಲ.

ಹಿರಿಯರು ಬೇಸರವನ್ನು ಬೇಸರವೆಂದು ಹೇಳುವುದು ಕಡಿಮೆ. ಗ್ಯಾಸ್, ಮಲಬದ್ಧತೆ, ಹಸಿವಿಲ್ಲ, ನಿದ್ದೆಯಿಲ್ಲ ಎನ್ನುತ್ತಾರೆ. ಬಿ12 ಕೊರತೆಯಿಂದಲೂ ಮಂಕು, ಮರೆವು ಬರಬಹುದು. ರಕ್ತಪರೀಕ್ಷೆಯಲ್ಲಿ ಅದು ತಿಳಿಯುತ್ತದೆ. ಹಾಗಾಗಿ ಎರಡು ವಾರ ಕಳೆದರೂ ಅಮ್ಮನ ಹೊಟ್ಟೆಯ ದೂರು ನಿಲ್ಲದಿದ್ದರೆ ಡಾಕ್ಟರಿಗೆ ತೋರಿಸಿ, ಮನಸ್ಸಿನ ವಿಷಯವನ್ನೂ ಹೇಳಿ. ಕೇಂದ್ರ ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416 ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೂ ಮಾತನಾಡಬಹುದು.