ಏಳುಬೀಳಿನ ಬಿದ್ದು

ಕನ್ನಡದ ಕಿವಿಗೆ ಆ ಹೆಸರು ಮೊದಲು ನಗೆ ತರಿಸುತ್ತದೆ. ‘ಬಿದ್ದು’ ಎಂದರೆ ಎಲ್ಲಿ ಬಿದ್ದು ಎಂದು ಕೇಳುವವರೇ ಹೆಚ್ಚು. ಕೊಡಗಿನವರಿಗೆ ಮಾತ್ರ ಅದು ಬಿದ್ದಪ್ಪ ಎಂಬಂತೆಯೇ ಬಳಕೆಯ ಹೆಸರು. ಕೊಡವ ಮನೆತನದ ಬಿದ್ದು ಅಪ್ಪಯ್ಯ ಹುಟ್ಟಿದ್ದು 1945ರಲ್ಲಿ, ಬೆಂಗಳೂರಿನಲ್ಲಿ. ಮೂವತ್ತು ತುಂಬುವ ಮೊದಲೇ ಅವರು ಸಿದ್ಧಪಡಿಸಿದ ಹಾಡು ಇಂಗ್ಲೆಂಡು, ಅಮೆರಿಕ ಎರಡು ದೇಶಗಳಲ್ಲಿಯೂ ಜನಪ್ರಿಯತೆಯ ಪಟ್ಟಿಯ ತುದಿಗೇರಿತು. ಅದಾಗಿ ಐದು ವರ್ಷ ಕಳೆಯುವಷ್ಟರಲ್ಲಿ, ಆ ಬಗೆಯ ಸಂಗೀತದ ಧ್ವನಿಮುದ್ರಿಕೆಗಳನ್ನು ರಾಶಿ ಹಾಕಿ ಸಿಡಿಮದ್ದಿಟ್ಟು ಹಾರಿಸುವ ಕಾಲವೂ ಬಂದಿತು.

ಬಿಷಪ್ ಕಾಟನ್ ಶಾಲೆಯ ಗೆಳೆಯರೊಡನೆ ಕೂಡಿ ಈ ತರುಣ ಕಟ್ಟಿದ ವಾದ್ಯವೃಂದದ ಹೆಸರು ‘ಟ್ರೋಜನ್ಸ್’. ಬೀಟಲ್ಸ್, ರೋಲಿಂಗ್ ಸ್ಟೋನ್ಸ್ ಮೊದಲಾದವರ ಹಾಡುಗಳನ್ನು ಬೆಂಗಳೂರು, ಮುಂಬಯಿ, ಕಲ್ಕತ್ತೆಗಳ ಕ್ಲಬ್ಬುಗಳಲ್ಲಿ ನುಡಿಸಿ ಹಾಡುವುದೇ ಅವರ ಉದ್ಯೋಗ. ಇಂಗ್ಲಿಷ್ ಹಾಡು ಹಾಡುವ ಭಾರತೀಯ ತಂಡಗಳೇ ಆಗ ಬೆರಳೆಣಿಕೆಯಷ್ಟು. ತಂಡವು ಚದುರಿದ ಮೇಲೆ ಬಿದ್ದು ಎದೆಗುಂದಲಿಲ್ಲ. ಗಿಟಾರನ್ನು ಹೆಗಲಿಗೇರಿಸಿ ‘ಲೋನ್ ಟ್ರೋಜನ್’, ಅಂದರೆ ಒಂಟಿ ಟ್ರೋಜನ್, ಎಂದು ಹೆಸರಿಟ್ಟುಕೊಂಡು ಮುಂಬಯಿಯ ವೇದಿಕೆಗಳಲ್ಲಿ ಒಬ್ಬರೇ ನಿಂತರು.

1967ರಲ್ಲಿ ಅವರು ಇಂಗ್ಲೆಂಡು ಸೇರಿದರು. ಕೈಯಲ್ಲಿ ಹಣವಿಲ್ಲ, ಬೆನ್ನಿಗೆ ಶಿಫಾರಸಿಲ್ಲ. ಲಂಡನ್ನಿನ ಅಮೆರಿಕನ್ ರಾಯಭಾರ ಕಚೇರಿಯ ಅಡುಗೆಮನೆಯಲ್ಲಿ ದುಡಿದು, ಕೂಡಿಸಿದ ಹಣದಲ್ಲಿ ಧ್ವನಿಮುದ್ರಣ ಶಾಲೆಯನ್ನು ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ಪಡೆದು ಹಾಡು ಮಾಡಿಸುವುದು ಅವರ ಪರಿಪಾಠವಾಯಿತು. 1969ರಲ್ಲಿ ಜಪಾನಿನ ‘ಟೈಗರ್ಸ್’ ತಂಡಕ್ಕೆ ಅವರು ಸಿದ್ಧಪಡಿಸಿದ ಹಾಡೊಂದು ಆ ದೇಶದಲ್ಲಿ ಜನಮೆಚ್ಚುಗೆ ಪಡೆಯಿತು. ವೇದಿಕೆಯ ನಡುವೆ ನಿಲ್ಲುತ್ತಿದ್ದ ಹುಡುಗ ಗಾಜಿನ ಆಚೆಬದಿಯಲ್ಲಿ ಕುಳಿತು ಬೇರೆಯವರ ಕೊರಳನ್ನು ತಿದ್ದುವ ನಿರ್ಮಾಪಕನಾದದ್ದು ಹೀಗೆ.

1974ರ ಕತೆ ಸ್ವಾರಸ್ಯಕರವಾದುದು. ಜಮೈಕಾ ಮೂಲದ ಗಾಯಕ ಕಾರ್ಲ್ ಡಗ್ಲಾಸ್ ಅವರಿಂದ ಹಾಡಿಸಲು ಬಿದ್ದು ಒಂದು ಪ್ರೇಮಗೀತೆಯನ್ನು ಆರಿಸಿದ್ದರು. ಮೂರು ಗಂಟೆಯ ಬಾಡಿಗೆಯ ಬಹುಪಾಲು ಅದಕ್ಕೇ ವ್ಯಯವಾಯಿತು. ಆದರೆ ಧ್ವನಿಮುದ್ರಿಕೆಗೆ ಇನ್ನೊಂದು ಮಗ್ಗುಲೂ ಉಂಟಷ್ಟೆ! ಅದನ್ನು ತುಂಬಲು ಡಗ್ಲಾಸ್ ಬರೆದು ತಂದಿದ್ದ ಸಾಲುಗಳಿಗೆ ಬಿದ್ದು ರಾಗ ಕೂಡಿಸಿದರು. ಉಳಿದಿದ್ದ ಹತ್ತು ನಿಮಿಷಗಳಲ್ಲಿ, ನಡುನಡುವೆ ‘ಹೂ’, ‘ಹಾ’ ಎಂಬ ಕಾಳಗದ ಕೂಗುಗಳನ್ನೂ ಸೇರಿಸಿ, ನಗುನಗುತ್ತಲೇ ಮುಗಿಸಿದರು. ಬ್ರೂಸ್ ಲೀ ತೀರಿಕೊಂಡು ವರ್ಷವಷ್ಟೇ ಆಗಿತ್ತು. ಚೀನೀ ಕಾಳಗದ ಚಿತ್ರಗಳ ಹುಚ್ಚು ಇನ್ನೂ ಇಳಿದಿರಲಿಲ್ಲ. ಕಂಪನಿಯವರು ಹಾಡು ಕೇಳಿ ಮಗ್ಗುಲನ್ನೇ ಬದಲಿಸಿದರು. ಪ್ರೇಮಗೀತೆ ಹಿಂದಕ್ಕೆ ಸರಿಯಿತು, ‘ಕುಂಗ್ ಫೂ ಫೈಟಿಂಗ್’ ಲೋಕವನ್ನು ಸುತ್ತಿತು.

ಅನಂತರದ್ದು ಡಿಸ್ಕೋ ಯುಗ. ತಾಳದ ಪ್ರತಿ ಎಣಿಕೆಗೂ ಒಂದೊಂದು ಸಮನಾದ ಡ್ರಮ್ಮಿನ ಪೆಟ್ಟು. ಅದರ ಮೇಲೆ ಪಿಟೀಲುಗಳ ಮೇಳ. ಕೇಳುವವನು ಕುಳಿತಲ್ಲಿ ಕುಳಿತಿರಬಾರದು, ಇಷ್ಟೇ ಅದರ ಶಾಸ್ತ್ರ. ಕಚೇರಿಯಲ್ಲಿ ಆಲಾಪನೆಗೆ ತಲೆದೂಗುವವರಿಗೆ ಇದು ಬರಿಯ ಕುಟ್ಟಾಣಿಯ ಸದ್ದು. ಅದರಲ್ಲಿಯೂ ಕುಶಲತೆ ಬೇಕೆಂಬುದನ್ನು ಒಪ್ಪಲು ಅವರು ಮನಸ್ಸು ಮಾಡಬೇಕಷ್ಟೆ. 1976ರಲ್ಲಿ ಬಿದ್ದು ನಿರ್ಮಾಣದಲ್ಲಿ ಟೀನಾ ಚಾರ್ಲ್ಸ್ ಹಾಡಿದ ‘ಐ ಲವ್ ಟು ಲವ್’ ಇಂಗ್ಲೆಂಡಿನಲ್ಲಿ ಮೊದಲ ಸ್ಥಾನ ಪಡೆಯಿತು. ಮಿನುಗು ಉಡುಪು, ತಿರುಗುವ ಕನ್ನಡಿಗೋಲ, ಬಣ್ಣಬಣ್ಣದ ದೀಪಗಳು ಎಲ್ಲ ದೊಡ್ಡ ಪಟ್ಟಣಗಳನ್ನೂ ಆವರಿಸಿದವು.

ಅತಿಯಾದದ್ದು ರುಚಿಗೆಡುತ್ತದೆ. 1979ರ ಜುಲೈ 12ರಂದು ಅಮೆರಿಕದ ಷಿಕಾಗೋ ನಗರದ ಬೇಸ್‌ಬಾಲ್ ಮೈದಾನದಲ್ಲಿ ವಿಚಿತ್ರವೊಂದು ನಡೆಯಿತು. ಡಿಸ್ಕೋ ಮುದ್ರಿಕೆಯೊಂದನ್ನು ತಂದವರಿಗೆ 98 ಸೆಂಟಿಗೇ ಪ್ರವೇಶ! ಎರಡು ಪಂದ್ಯಗಳ ನಡುವಿನ ಬಿಡುವಿನಲ್ಲಿ ಅವನ್ನೆಲ್ಲ ಒಟ್ಟುಗೂಡಿಸಿ ಸಿಡಿಸಲಾಯಿತು. ಜನ ಮೈದಾನಕ್ಕೆ ನುಗ್ಗಿದರು. ನೆಲವೆಲ್ಲ ಕಿತ್ತುಹೋಗಿ ಎರಡನೆಯ ಪಂದ್ಯ ನಡೆಯಲೇ ಇಲ್ಲ. ರಾಕ್ ಅಭಿಮಾನಿಗಳ ರೋಷ ಇದೆಂದು ಕೆಲವರೆಂದರು. ಕರಿಯರೂ ಹೊರಗಿನವರೂ ಕಟ್ಟಿ ಬೆಳೆಸಿದ ಸಂಗೀತದ ಮೇಲಿನ ಅಸಹನೆ ಅದರಲ್ಲಿ ಇತ್ತೆಂದು ಬಗೆದವರೂ ಉಂಟು. ಕಾರಣವೇನೇ ಇರಲಿ, ಪಶ್ಚಿಮದಲ್ಲಿ ಬಿದ್ದು ಅವರ ನಕ್ಷತ್ರ ಇಳಿಮುಖವಾಯಿತು.

ಅದೇ ವೇಳೆಗೆ ನಟ, ನಿರ್ದೇಶಕ ಫಿರೋಜ್ ಖಾನ್ ‘ಕುರ್ಬಾನಿ’ ಚಿತ್ರಕ್ಕೆ ಒಂದು ಹಾಡು ಬೇಕೆಂದು ಬಂದರು. ಹಾಡಲು ದೊರೆತವಳು ಕರಾಚಿ ಮೂಲದ, ಲಂಡನ್ನಿನಲ್ಲಿದ್ದ, ಹದಿನೈದರ ಬಾಲೆ ನಾಜಿಯಾ ಹಸನ್. ಚಿತ್ರದ ಮಿಕ್ಕ ಹಾಡುಗಳು ಕಲ್ಯಾಣ್‌ಜಿ-ಆನಂದ್‌ಜಿಯವರವು. ಆದರೆ 1980ರಲ್ಲಿ ಗಲ್ಲಿಗಲ್ಲಿಯಲ್ಲಿ ಕೇಳಿದ್ದು ಬಿದ್ದು ಅವರ ‘ಆಪ್ ಜೈಸಾ ಕೋಯಿ’. ನುರಿತ ಗಾಯಕಿಯರನ್ನು ಹಿಂದಿಟ್ಟು ಈ ಹುಡುಗಿ ಫಿಲ್ಮ್‌ಫೇರ್ ಪ್ರಶಸ್ತಿ ಪಡೆದಳು. ಮರುವರ್ಷ ಆಕೆ ತಮ್ಮನಾದ ಜೊಹೇಬನೊಡನೆ ಹಾಡಿದ ‘ಡಿಸ್ಕೋ ದೀವಾನೆ’ ಬಂದಿತು. ಗಡಿಯ ಎರಡು ಬದಿಯ ಮನೆಗಳಲ್ಲಿಯೂ ಒಂದೇ ಹಾಡು! ಪಶ್ಚಿಮ ಕೈಬಿಟ್ಟ ಸರಕು ಪೂರ್ವದಲ್ಲಿ ಹೊಸದಾಯಿತು.

ಆ ಅಲೆಯೂ ನಿಲ್ಲಲಿಲ್ಲ. 1982ರ ‘ಸ್ಟಾರ್’ ಚಿತ್ರ ಸೋತಿತು, ಅದರ ಹಾಡುಗಳು ಮಾತ್ರ ಉಳಿದವು. ಹದಿಮೂರು ವರ್ಷಗಳ ಮೇಲೆ, 1995ರಲ್ಲಿ, ಅಲೀಷಾ ಚಿನಾಯ್ ಅವರ ‘ಮೇಡ್ ಇನ್ ಇಂಡಿಯಾ’ ಹಾಡಿನ ಮೂಲಕ ಬಿದ್ದು ಇನ್ನೊಮ್ಮೆ ಎದ್ದರು. ಖಾಸಗಿ ದೂರದರ್ಶನದ ಹೊಸ ಕಾಲ ಅದಕ್ಕೆ ಒದಗಿಬಂದಿತು. ಆಮೇಲೆ ಅವರು ಲೇಖನಿ ಹಿಡಿದರು. 2010ರಲ್ಲಿ ಪ್ರಕಟವಾದ ಆತ್ಮಕಥೆಗೂ ಅದೇ ಹಾಡಿನ ಹೆಸರು.

ನಾಜಿಯಾ 2000ದ ಆಗಸ್ಟ್ 13ರಂದು ಶ್ವಾಸಕೋಶದ ಕ್ಯಾನ್ಸರಿಗೆ ತುತ್ತಾದಳು. ಆಗ ಆಕೆಗೆ ಮೂವತ್ತೈದು. 2012ರಲ್ಲಿ ‘ಸ್ಟೂಡೆಂಟ್ ಆಫ್ ದ ಇಯರ್’ ಎಂಬ ಹಿಂದಿ ಚಿತ್ರಕ್ಕೆ ‘ಡಿಸ್ಕೋ ದೀವಾನೆ’ಯನ್ನು ಹೊಸ ಗಾಯಕರಿಂದ ಹಾಡಿಸಿದರು. ನಡುವೆ ಮಾತ್ರ ನಾಜಿಯಾಳ ಹಳೆಯ ದನಿಯನ್ನೇ ಉಳಿಸಿಕೊಂಡರು.