ಹದಿನಾಲ್ಕರ ಹುಡುಗನಿಗೆ ಅರ್ಧ ಟಿಕೆಟ್

ಚಾಮರಾಜನಗರ: ಬಿಳಿಗಿರಿರಂಗನ ಬೆಟ್ಟದಿಂದ ಇಳಿಯುವ ಬಸ್ಸು. ಕಂಡಕ್ಟರು ಹುಡುಗನನ್ನು ನೋಡಿ ಅರ್ಧ ಟಿಕೆಟ್ ಕೊಡಲು ಹೊರಟರೆ, ‘ಇಲ್ಲ ಸ್ವಾಮಿ, ಇವನಿಗೆ ಹದಿನಾಲ್ಕಾಯ್ತು’ ಅಂತ ಅಪ್ಪನೇ ಹೇಳಬೇಕು. ಪಕ್ಕದ ಸೀಟಿನವರು ನಗುತ್ತಾರೆ. ‘ಹೊಟ್ಟೆಗೆ ಹಾಕಲ್ವೇನಯ್ಯಾ?’ ಎನ್ನುವವರೂ ಉಂಟು.

ಹಾಕುತ್ತಾರೆ, ಮೈಗೆ ಹತ್ತೋದಿಲ್ಲ. ಕಾರಣ ರಕ್ತದಲ್ಲೇ ಇರಬಹುದು. ಡಾಕ್ಟರುಗಳು ಸಿಕಲ್ ಸೆಲ್ ಎನ್ನುವ ಈ ಕಾಯಿಲೆ ನಮ್ಮ ಕಾಡಂಚಿನ ಸೋಲಿಗರು, ಜೇನುಕುರುಬರಲ್ಲಿ ಉಂಟು. ಭಾರತದಲ್ಲಿ ಇದನ್ನು ಮೊದಲು ಕಂಡುಹಿಡಿದದ್ದು 1952ರಲ್ಲಿ, ಗುಂಡ್ಲುಪೇಟೆ ದಾಟಿದರೆ ಸಿಗುವ ನೀಲಗಿರಿಯಲ್ಲೇ. ಇದರಲ್ಲಿ ದುಂಡಗಿರಬೇಕಾದ ರಕ್ತಕಣ ಕುಡುಗೋಲಿನಂತೆ ಬಾಗುತ್ತದೆ. 120 ದಿನ ಬಾಳಬೇಕಾದದ್ದು ಹತ್ತಿಪ್ಪತ್ತು ದಿನಕ್ಕೇ ಸಾಯುತ್ತದೆ. ತಿಂದ ಮುದ್ದೆಯ ಶಕ್ತಿಯೆಲ್ಲ ಹೊಸ ರಕ್ತ ಮಾಡೋದಕ್ಕೇ ಖರ್ಚು. ಮೇಲಿಂದ ಮೇಲೆ ನೋವು, ಜ್ವರ, ಊಟ ಸೇರೋದಿಲ್ಲ.

ಹುಟ್ಟುವಾಗ ತೂಕ ಸಾಮಾನ್ಯವಾಗಿ ಸರಿಯಾಗೇ ಇರುತ್ತೆ. ಹಿಂದೆ ಬೀಳೋದು ಆಮೇಲೆ. ಅದೂ ಎತ್ತರಕ್ಕಿಂತ ತೂಕದಲ್ಲಿ ಹೆಚ್ಚು. ಗಂಡುಮಕ್ಕಳಿಗೆ ಮೀಸೆ ಚಿಗುರೋದು, ಹೆಣ್ಣುಮಕ್ಕಳು ಮೈನೆರೆಯೋದು ಒಂದೆರಡು ವರ್ಷ ತಡ. ಎಷ್ಟೋ ಮಕ್ಕಳು ತಡವಾಗಿಯಾದರೂ ಎತ್ತರ ಕೂಡಿಸಿಕೊಳ್ಳುತ್ತಾರೆ. ಹಾಗಾದರೆ ಯಾವ ಮಗು ನಿಧಾನಕ್ಕೆ ಬೆಳೀತಿದೆ, ಯಾವುದು ಬೆಳೆಯೋದೇ ನಿಂತಿದೆ ಅಂತ ತಿಳಿಯೋದು ಹೇಗೆ?

ಅಂಗಡಿಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಒಂದು ದಿನದ ಗಲ್ಲಾ ನೋಡಿ ವ್ಯಾಪಾರ ಹೇಳೋಕಾಗುತ್ತಾ? ವರ್ಷದ ಲೆಕ್ಕದ ಪುಸ್ತಕ ಬೇಕು. ಮಗುವಿನದೂ ಅಷ್ಟೆ. ಮೂರು ತಿಂಗಳಿಗೊಮ್ಮೆ ತೂಕ, ಎತ್ತರ ಎರಡನ್ನೂ ಒಂದೇ ಪುಸ್ತಕದಲ್ಲಿ ಬರೆದರೆ ಗೆರೆ ಬಾಗಿದ್ದು ತಾನಾಗಿ ಕಾಣುತ್ತೆ.

ಅಂಗನವಾಡಿಯ ತಕ್ಕಡಿ ಆರು ವರ್ಷಕ್ಕೆ ಮುಗೀತು. ಶಾಲೆಗೆ ತಪಾಸಣೆ ತಂಡ ಬರೋದು ವರ್ಷಕ್ಕೊಮ್ಮೆ. ಈ ಕಾಯಿಲೆಯ ಮಕ್ಕಳು ತೀರ ಹಿಂದೆ ಬೀಳೋದು ಆ ವಯಸ್ಸಲ್ಲೇ! ಔಷಧಿಯ ಮಾತೂ ಇದೆ. ನೋವು ತಡೆಯುವ ಹೈಡ್ರಾಕ್ಸಿಯೂರಿಯಾ ಗುಳಿಗೆಯನ್ನು ಡಾಕ್ಟರು ಬರೆಯೋದು ಕೆ.ಜಿ. ಲೆಕ್ಕದಲ್ಲಿ. ಹಳೇ ತೂಕಕ್ಕೆ ಬರೆದದ್ದನ್ನೇ ನುಂಗಿಸುತ್ತಾ ಹೋದರೆ ಬೆಳೆದ ಮಗುವಿಗೆ ಅದು ಸಾಲದು. ಗುಳಿಗೆ ಬೆಳವಣಿಗೆ ಕುಂಠಿಸುತ್ತೆ ಅನ್ನೋ ಹೆದರಿಕೆ ಕೆಲವರಿಗೆ. ಪರೀಕ್ಷಿಸಿ ನೋಡಿದ ಮಕ್ಕಳಲ್ಲಿ ಹಾಗಾಗಿಲ್ಲ.

2023ರ ಜುಲೈನಲ್ಲಿ ಕೇಂದ್ರ ಸರ್ಕಾರ ಈ ಕಾಯಿಲೆಗೆಂದೇ ರಾಷ್ಟ್ರೀಯ ಯೋಜನೆ ಶುರು ಮಾಡಿತು. ರಕ್ತ ಪರೀಕ್ಷೆ, ಕಾರ್ಡು, ಎಲ್ಲ ಸರಿ. ಕಾರ್ಡು ಕೈಗೆ ಬಂದ ಮಗುವನ್ನು ಮುಂದಿನ ಮೂರು ತಿಂಗಳಿಗೆ ತೂಗುವವರು ಯಾರು? ಆಶಾ ಕಾರ್ಯಕರ್ತೆಯೋ, ಹಾಸ್ಟೆಲ್ ವಾರ್ಡನ್ನೋ, ಮೇಷ್ಟ್ರೋ? ಯಾರಾದರೊಬ್ಬರ ಹೆಸರು ಪುಸ್ತಕದ ಮೊದಲ ಹಾಳೆಯಲ್ಲಿ ಬರೆದಿಡಲಿ. ಒಂದು ತಕ್ಕಡಿ, ಗೋಡೆ ಮೇಲೆ ಅಳತೆ ಪಟ್ಟಿ: ಇದಕ್ಕೆ ಬೇಕಾದ ಸಾಮಾನು ಇಷ್ಟೇ.